ಹುಳಿ ತಯಾರಾದರೆ ಸಾಲದು, ಹೊರಗೂ ಬರಬೇಕು

ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಈಗ ನಿಂಬೆಯಿಂದ ಬರುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ಬರುತ್ತದೆ. ಹಳೆ ಈರುಳ್ಳಿಯ ಸಿಪ್ಪೆ ಮೇಲೆ ಕಾಣುವ ಕಪ್ಪು ಪುಡಿಯೂ ಇದೇ ಬಳಗದ್ದು. ಸಕ್ಕರೆ ಜಾಸ್ತಿ ಇರುವ, ತುಂಬಾ ಹುಳಿಯಾದ ದ್ರಾವಣದಲ್ಲಿ ಇದು ಚೆನ್ನಾಗಿ ಆಮ್ಲ ಕೊಡುತ್ತದೆ ಎಂದು ಅಮೆರಿಕದ ಜೇಮ್ಸ್ ಕರಿ 1917ರಲ್ಲಿ ತೋರಿಸಿದರು. ಎರಡೇ ವರ್ಷದಲ್ಲಿ ಫೈಜರ್ ಕಂಪನಿ ಅದನ್ನು ಕಾರ್ಖಾನೆಗೆ ತಂದಿತು.

ಹುದುಗುವಿಕೆಯ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಕೇಳುವ ಪ್ರಶ್ನೆ ಒಂದೇ: "ಬೇಕಾದ ಆಮ್ಲ ಮಾಡುವ ಜೀನ್ ಹಾಕಿದರೆ ಆಯ್ತಲ್ವಾ ಸರ್?" ಆಗುವುದಿಲ್ಲ. ಇಟಕಾನಿಕ್ ಆಮ್ಲದ ಕಥೆ ನೋಡಿ.

ರಾಳ, ಲೇಟೆಕ್ಸ್‌ಗಳಿಗೆ ಬೇಕಾಗುವ ಈ ಆಮ್ಲವನ್ನು ಆಸ್ಪರ್ಜಿಲಸ್ ಟೆರಿಯಸ್ ಎಂಬ ಇನ್ನೊಂದು ಬೂಷ್ಟು ತಾನಾಗಿಯೇ ಮಾಡುತ್ತದೆ. ಸಿಟ್ರಿಕ್‌ನಿಂದ ಇಟಕಾನಿಕ್‌ಗೆ ಎರಡೇ ಹೆಜ್ಜೆ. ಮೊದಲ ಹೆಜ್ಜೆ, ಅಂದರೆ ಸಿಸ್-ಅಕೋನಿಟೇಟ್ ಎಂಬ ನಡುವಿನ ವಸ್ತುವಿನ ತನಕ, ನೈಜರ್‌ಗೆ ಗೊತ್ತೇ ಇದೆ. ಹಾಗಾಗಿ ಎರಡನೆಯ ಹೆಜ್ಜೆಯ ಕ್ಯಾಡ್‌ಎ ಜೀನನ್ನು ಟೆರಿಯಸ್‌ನಿಂದ ತೆಗೆದು ನೈಜರ್‌ಗೆ ಸೇರಿಸಿದರು. ಮೊದಲ ಪ್ರಯತ್ನಗಳಲ್ಲಿ ಲೀಟರಿಗೆ ಒಂದು ಗ್ರಾಂ ಕೂಡ ದಾಟಲಿಲ್ಲ.

ಕಾರಣ ಇಷ್ಟೇ. ಸಿಸ್-ಅಕೋನಿಟೇಟ್ ಇರುವುದು ಮೈಟೊಕಾಂಡ್ರಿಯದ, ಅಂದರೆ ಜೀವಕೋಶದೊಳಗಿನ ಶಕ್ತಿ ಕೋಣೆಯ, ಒಳಗೆ. ಕ್ಯಾಡ್‌ಎ ಕೊಡುವ ಕಿಣ್ವ ಇರುವುದು ಅದರ ಹೊರಗೆ. ನಡುವೆ ಬಾಗಿಲೇ ಇಲ್ಲ! ಟೆರಿಯಸ್‌ನಲ್ಲಿ ಕ್ಯಾಡ್‌ಎ ಪಕ್ಕದಲ್ಲೇ ಇನ್ನೆರಡು ಜೀನ್‌ಗಳಿವೆ. ಎಂಟಿಟಿಎ ಎಂಬುದು ಮೈಟೊಕಾಂಡ್ರಿಯದ ಬಾಗಿಲು, ಎಂಎಫ್‌ಎಸ್‌ಎ ಎಂಬುದು ಜೀವಕೋಶದ ಬಾಗಿಲು. ಅವನ್ನೂ ಸೇರಿಸಿದ ಮೇಲೆ ಇಳುವರಿ ಏರಿತು. ಆಮೇಲೆ ಮೈಟೊಕಾಂಡ್ರಿಯದ ಹೊರಗೇ ಸಿಟ್ರಿಕ್ ತಯಾರಾಗುವ ದಾರಿಯನ್ನೂ ಬಲಪಡಿಸಿದರು. 2016ರ ಹೊತ್ತಿಗೆ ಲೀಟರಿಗೆ 25 ಗ್ರಾಂ ದಾಟಿತು. ಟೆರಿಯಸ್ ಇದರ ಮೂರು ಪಟ್ಟಿಗಿಂತ ಹೆಚ್ಚು ಕೊಡುತ್ತದೆ, ಅದನ್ನೂ ಮರೆಯಬಾರದು.

ಮ್ಯಾಲಿಕ್ ಆಮ್ಲದಲ್ಲೂ ಹೀಗೇ. 2013ರಲ್ಲಿ ಆಸ್ಪರ್ಜಿಲಸ್ ಒರೈಜೆ ಎಂಬ ಮತ್ತೊಂದು ಬೂಷ್ಟನ್ನು ಮಾರ್ಪಡಿಸಿ ಲೀಟರಿಗೆ 154 ಗ್ರಾಂ ತೆಗೆದರು. ಅಲ್ಲಿ ಆಮ್ಲವನ್ನು ಹೊರಗೆ ಸಾಗಿಸುವ ಪ್ರೋಟೀನ್ ಹೆಚ್ಚಿಸಿದ್ದೊಂದರಿಂದಲೇ ಉತ್ಪಾದನೆ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಆದರೆ ಹುಳಿ ಏರದಂತೆ ತೊಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸುರಿಯಬೇಕಾಯಿತು. ನನಗೆ ಇಂಥ ಅಂಕಿಗಳಲ್ಲಿ ಸಮಾಧಾನವಾಗದೇ ಇರುವುದು ಇಲ್ಲೇ. ಸುಣ್ಣದಂಥದ್ದು ಹಾಕಿದರೆ ಸಿಗುವುದು ಆಮ್ಲವಲ್ಲ, ಅದರ ಲವಣ. ಅದರಿಂದ ಆಮ್ಲ ಬಿಡಿಸಲು ಗಂಧಕಾಮ್ಲ ಬೇಕು, ಕೊನೆಗೆ ಜಿಪ್ಸಂ ರಾಶಿ ಉಳಿಯುತ್ತದೆ. ಬ್ಯಾಕ್ಟೀರಿಯಾ ಬಳಸಿ ಲ್ಯಾಕ್ಟಿಕ್ ಆಮ್ಲ ಮಾಡುವಾಗ ಟನ್ ಆಮ್ಲಕ್ಕೆ ಸುಮಾರು ಒಂದು ಟನ್ ಜಿಪ್ಸಂ ಬರುತ್ತದೆ. ಸಿಟ್ರಿಕ್ ಬೇರ್ಪಡಿಸುವ ಹಳೆ ವಿಧಾನದಲ್ಲೂ ಅದು ಬರುತ್ತದೆ, ನಿಜ. ಆದರೆ ತೊಟ್ಟಿಯೇ ಹುಳಿಯಾಗಿದ್ದರೆ ಬೇರೆ ವಿಧಾನ ಆರಿಸಿಕೊಳ್ಳುವ ಅವಕಾಶವಾದರೂ ಉಳಿಯುತ್ತದೆ. ಶಿಲೀಂಧ್ರಗಳ ನಿಜವಾದ ಬೆಲೆ ಈ ಹುಳಿ ತಾಳಿಕೊಳ್ಳುವ ಶಕ್ತಿಯಲ್ಲಿದೆ.

ನೈಜರ್‌ಗಂತೂ ಹುಳಿಯೇ ಬೇಕು. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸಿನಲ್ಲಿದ್ದರೆ ಸಿಟ್ರಿಕ್, ಮೇಲಕ್ಕೆ ಹೋದರೆ ಗ್ಲುಕೋನಿಕ್, ಆಕ್ಸಾಲಿಕ್. ಆಕ್ಸಾಲಿಕ್ ಮಾಡುವ ಜೀನನ್ನು ತೆಗೆದುಹಾಕಿದ ತಳಿಗಳೂ ಇವೆ. ಜೀನ್ ಸೇರಿಸುವುದಕ್ಕಿಂತ ಹೀಗೆ ತೆಗೆಯುವ ಕೆಲಸವನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಮ್ಯಾಂಗನೀಸ್. ಲೀಟರಿನಲ್ಲಿ ಕೆಲವು ಮೈಕ್ರೋಗ್ರಾಂ ಇದ್ದರೂ ಸಿಟ್ರಿಕ್ ಕುಸಿಯುತ್ತದೆ. ಗುಂಡಗಿನ ಸಣ್ಣ ಉಂಡೆಗಳಾಗಿ ಬೆಳೆಯಬೇಕಾದ ಬೂಷ್ಟು ಉದ್ದ ಎಳೆಗಳಾಗಿ ಚಾಚಿಕೊಳ್ಳುತ್ತದೆ, ದ್ರಾವಣ ದಪ್ಪಗಾಗುತ್ತದೆ, ಆಮ್ಲಜನಕ ಒಳಗೆ ಇಳಿಯುವುದಿಲ್ಲ. ನಮ್ಮ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇರುತ್ತವೆ. ಫೆರೋಸಯನೈಡ್ ಎಂಬ ರಾಸಾಯನಿಕ ಹಾಕಿ ಈ ಲೋಹಗಳನ್ನು ತಳಕ್ಕೆ ಇಳಿಸುವುದು ಹಳೆಯ ಕ್ರಮ. ಹಾಗಾಗಿ ಯಾರಾದರೂ ಹೊಸ ತಳಿಯ ಬಗ್ಗೆ ಹೇಳಿದರೆ, ಎಷ್ಟು ಗ್ರಾಂ ಬಂತು ಅಂತ ಕೇಳುವ ಮೊದಲು ನಾನು ಕೇಳುವುದು ಎರಡೇ: ತಿನ್ನಿಸಿದ್ದು ಶುದ್ಧ ಗ್ಲೂಕೋಸೋ ಕಾಕಂಬಿಯೋ? ಕೊನೆಯ ದಿನ ಪಿಎಚ್ ಎಷ್ಟಿತ್ತು?