ಅಟ್ಟದ ಮೇಲೆ ಓಡುವುದು ಇಲಿಯೇ? ಹಿಕ್ಕೆ ನೋಡಿ ಹೇಳಬಹುದು

ಪ್ರಶ್ನೆ: ಕಾಪು ಸಮೀಪ ನಮ್ಮದು ಹಳೆಯ ಹೆಂಚಿನ ಮನೆ. ಮಳೆ ಶುರುವಾದಾಗಿನಿಂದ ರಾತ್ರಿ ಅಟ್ಟದಲ್ಲಿ ಪರಪರ ಸದ್ದು. ಇಲಿಯೇ ಎಂದು ತಿಳಿಯುವುದು ಹೇಗೆ? ಪಾಷಾಣ ಇಡಬಹುದೇ?

ಉತ್ತರ: ಪಾಷಾಣದ ಮಾತು ಆಮೇಲೆ. ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ, ಹಿಕ್ಕೆ ಹುಡುಕಿ. ಜೀರಿಗೆಯಷ್ಟು ಸಣ್ಣದಿದ್ದು ತುದಿ ಚೂಪಾಗಿದ್ದರೆ ಅದು ಚಿಕ್ಕ ಮನೆಯಿಲಿ. ಸುಮಾರು 12 ಮಿ.ಮೀ. ಉದ್ದವಿದ್ದರೆ ತೆಂಗಿನ ಮರ ಹತ್ತಿ ಬೊಂಡ ಕೊರೆಯುವ ದೊಡ್ಡಿಲಿ. ಒಂದು ತುದಿ ಬೆಳ್ಳಗಿದ್ದರೆ ಹಲ್ಲಿ. ಕಡ್ಡಿಯಿಂದ ಒತ್ತಿದಾಗ ಪುಡಿಯಾಗಿ, ಒಳಗೆ ಕೀಟಗಳ ರೆಕ್ಕೆಚೂರು ಮಿಂಚಿದರೆ ಬಾವಲಿ. ನಾನೇ ಒಂದು ವಾರ ಬೋನು ಕಾದ ಮೇಲೆ ನಮ್ಮ ಅಟ್ಟದಲ್ಲಿ ಇದ್ದದ್ದು ಬಾವಲಿ ಎಂದು ಗೊತ್ತಾಯಿತು! ಇನ್ನು ಗೋಡೆಯಂಚಿನಲ್ಲಿ ಚೀಂಚೀಂ ಎನ್ನುತ್ತ, ನಾತ ಬಿಟ್ಟು ಓಡುವ ಉದ್ದ ಮೂತಿಯ ಸೊಂಡಿಲಿ ಇಲಿಯ ಜಾತಿಯದೇ ಅಲ್ಲ. ಜಿರಳೆ ತಿನ್ನುತ್ತದೆ, ಅದರ ಪಾಡಿಗೆ ಬಿಡಿ.

ಹೆಂಚಿನ ಮನೆಗೆ ಪಾಷಾಣ ಬೇಡವೇ ಬೇಡ. ತಿಂದ ಇಲಿ ಪಕ್ಕಾಸಿನ ಸಂದಿಯಲ್ಲೆಲ್ಲೋ ಸತ್ತು ನಾರುತ್ತದೆ, ತೆಗೆಯಲು ಹೆಂಚು ಇಳಿಸಬೇಕು. ಇಲಿ ಪಾಷಾಣವಾಗಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋದರೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಮಗುವೋ ನಾಯಿಯೋ ತಿಂದರೆ ಅದಕ್ಕೆ ಪ್ರತಿವಿಷವಿಲ್ಲ.

ಬೋನು ಸಾಕು. ಸುಟ್ಟ ಕೊಬ್ಬರಿ ಅಥವಾ ಒಣಮೀನಿನ ತುಂಡು ಸಿಕ್ಕಿಸಿ. ಇಲಿ ಗೋಡೆಗೆ ಮೈ ತಾಗಿಸಿಯೇ ಓಡುವುದರಿಂದ ಬೋನೂ ಗೋಡೆಗೆ ಒತ್ತಿಕೊಂಡಿರಲಿ. ದೊಡ್ಡಿಲಿ ಹೊಸ ವಸ್ತುವನ್ನು ಸುಲಭಕ್ಕೆ ನಂಬದು. ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿಟ್ಟು ಪುಕ್ಕಟೆ ತಿನ್ನಿಸಿ.

ಹಿಡಿದಷ್ಟೂ ಬರುತ್ತಿದ್ದರೆ ದಾರಿ ಮುಚ್ಚಿಲ್ಲ ಎಂದರ್ಥ. ಪೆನ್ಸಿಲ್ ತೂರುವಷ್ಟು ತೂತಿದ್ದರೂ ಮನೆಯಿಲಿ ನುಸುಳುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಸಿಮೆಂಟ್ ಮೆತ್ತಿ. ಮಾಡಿಗೆ ತಾಗುವ ತೆಂಗಿನ ಗರಿ, ಮಾವಿನ ಗೆಲ್ಲು ಕಡಿಸಿ. ಕುಚ್ಚಲಕ್ಕಿ ಗೋಣಿಯಲ್ಲಿರುವುದು ಬೇಡ, ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹೋಗಲಿ.

ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಿ ಧೂಳೆಬ್ಬಿಸಬೇಡಿ. ಕೈಗವಸು ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೂ ಇಲಿಜ್ವರ ಬರಬಹುದು. ಉಡುಪಿ, ಮಂಗಳೂರಿನ ಮಳೆಗಾಲಕ್ಕೆ ಅದು ಹೊಸತಲ್ಲ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಮಲಗಬೇಡಿ. ಅಂದೇ ಡಾಕ್ಟರ ಬಳಿ ಹೋಗಿ, ಮನೆಯಲ್ಲಿ ಇಲಿ ಇದೆ ಎಂಬುದನ್ನೂ ಹೇಳಿ.