ಪದ ಪರಿಚಯ: ‘ಕೆಟಗರಿ ಪ್ಯಾರಾಮೀಟರ್’

“ಡೋರ್ ಕೆಟಗರಿಯ ಪ್ಯಾರಾಮೀಟರ್‌ಗಳನ್ನೆಲ್ಲ ಪಟ್ಟಿ ಮಾಡೋ ಸ್ಕ್ರಿಪ್ಟ್ ಇದ್ರೆ ಕಳಿಸಿ.” ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಕೆಲಸ ಮಾಡುವವರ ನಡುವೆ ಈ ಮಾತು ದಿನಾ ಓಡಾಡುತ್ತದೆ. ಡೋರ್, ವಾಲ್ ಥರದ ವರ್ಗ ಕೆಟಗರಿ; ಅಗಲ, ಎತ್ತರದಂಥ ಮಾಹಿತಿಯ ಒಂದೊಂದು ಖಾನೆ ಪ್ಯಾರಾಮೀಟರ್. ಯಾರೋ ಒಬ್ಬರು ಹತ್ತು ಸಾಲಿನ ಪೈಥಾನ್ ಕಳಿಸುತ್ತಾರೆ. ಪಟ್ಟಿ ಬರುತ್ತದೆ, ಎಲ್ಲರಿಗೂ ಖುಷಿ. ಮುಂದಿನ ಪ್ರಾಜೆಕ್ಟ್‌ನಲ್ಲಿ ಅದೇ ಸ್ಕ್ರಿಪ್ಟ್ ಬೇರೆಯದೇ ಪಟ್ಟಿ ಕೊಡುತ್ತದೆ. ಆಗ ಬೈಗುಳ ರೆವಿಟ್‌ಗೆ.

ರೆವಿಟ್ ಏನೂ ತಪ್ಪು ಮಾಡಿಲ್ಲ. ‘ಕೆಟಗರಿ ಪ್ಯಾರಾಮೀಟರ್’ ಅನ್ನುವ ವಸ್ತುವೇ ಅದರಲ್ಲಿ ಇಲ್ಲ. ಎಪಿಐನಲ್ಲಿ, ಅಂದರೆ ಸ್ಕ್ರಿಪ್ಟ್‌ಗಳು ರೆವಿಟ್ ಜೊತೆ ಮಾತಾಡುವ ದಾರಿಯಲ್ಲಿ, ‘ಕೆಟಗರಿ’ ಕ್ಲಾಸ್ ತೆಗೆದು ನೋಡಿ. ಹೆಸರು ಇದೆ, ಐಡಿ ಇದೆ, ಸಬ್‌ಕೆಟಗರಿಗಳಿವೆ, ಗೆರೆಯ ಬಣ್ಣ ಇದೆ, ಮೆಟೀರಿಯಲ್ ಇದೆ. ‘ಪ್ಯಾರಾಮೀಟರ್ಸ್’ ಅನ್ನುವ ಪ್ರಾಪರ್ಟಿ ಮಾತ್ರ ಇಲ್ಲ. ಪ್ಯಾರಾಮೀಟರ್ ಇರುವುದು ಎಲಿಮೆಂಟ್‌ನಲ್ಲಿ, ಅಂದರೆ ಮಾಡೆಲ್‌ನ ಒಂದೊಂದು ಬಾಗಿಲು, ಗೋಡೆಯಂಥ ವಸ್ತುವಿನಲ್ಲಿ. ಕೆಟಗರಿಯನ್ನು ಅದರ ಪ್ಯಾರಾಮೀಟರ್ ಕೇಳುವುದು, ಊರಿನವರ ಜೇಬಿನಲ್ಲಿ ಎಷ್ಟು ದುಡ್ಡಿದೆ ಅಂತ ಊರಿನ ಬೋರ್ಡನ್ನು ಕೇಳಿದ ಹಾಗೆ.

ಈ ಗೊಂದಲಕ್ಕೆ ಒಂದು ಕಾರಣ ಕಣ್ಣೆದುರೇ ಇದೆ. ಫ್ಯಾಮಿಲಿ (ಬಾಗಿಲು, ಕಿಟಕಿಯಂಥ ವಸ್ತುವಿನ ಮಾದರಿ) ತಯಾರಿಸುವ ಫ್ಯಾಮಿಲಿ ಎಡಿಟರ್‌ನಲ್ಲಿ ‘ಫ್ಯಾಮಿಲಿ ಕೆಟಗರಿ ಆ್ಯಂಡ್ ಪ್ಯಾರಾಮೀಟರ್ಸ್’ ಅನ್ನುವ ವಿಂಡೋ ಇದೆಯಲ್ಲ, ಅದು ಎರಡೂ ಪದಗಳನ್ನು ಒಂದೇ ಕಡೆ ಕೂರಿಸಿಬಿಟ್ಟಿದೆ. ದಿನಾ ಅದನ್ನು ತೆರೆಯುವವರಿಗೆ ಕೆಟಗರಿ ಒಂದು ಡಬ್ಬ, ಪ್ಯಾರಾಮೀಟರ್‌ಗಳು ಅದರೊಳಗಿನ ಸಾಮಾನು ಅನ್ನಿಸುವುದು ಸಹಜ. ಆದರೆ ‘ಪ್ರಾಜೆಕ್ಟ್ ಪ್ಯಾರಾಮೀಟರ್ಸ್’ ವಿಂಡೋ ನೆನಪಿಸಿಕೊಳ್ಳಿ. ಅಲ್ಲಿ ಮೊದಲು ಪ್ಯಾರಾಮೀಟರ್‌ಗೆ ಹೆಸರಿಡುತ್ತೀರಿ. ಆಮೇಲೆ ಬಲಗಡೆಯ ಪಟ್ಟಿಯಲ್ಲಿ ಡೋರ್ಸ್, ವಿಂಡೋಸ್, ವಾಲ್ಸ್ ಅಂತ ಬೇಕಾದ ಕೆಟಗರಿಗೆ ಟಿಕ್ ಹಾಕುತ್ತೀರಿ. ಅಂದರೆ ಪ್ಯಾರಾಮೀಟರ್‌ಗೆ ಕೆಟಗರಿ ಆರಿಸುತ್ತಿದ್ದೀರಿ, ಅಲ್ವಾ? ಸಂಬಂಧದ ದಿಕ್ಕು ಅದು. ಸ್ಕ್ರಿಪ್ಟ್ ಬರೆಯುವಾಗ ಎಡವುವುದೆಲ್ಲ ಈ ದಿಕ್ಕನ್ನು ತಿರುಗಾಮುರುಗಾ ಹಿಡಿದಿದ್ದರಿಂದ.

ಎಪಿಐ ಕೂಡ ಇದೇ ದಿಕ್ಕಿನಲ್ಲಿದೆ. ಡಾಕ್ಯುಮೆಂಟ್‌ನಲ್ಲಿ ‘ಪ್ಯಾರಾಮೀಟರ್ ಬೈಂಡಿಂಗ್ಸ್’ ಅನ್ನುವ ಮ್ಯಾಪ್ (ಜೋಡಿಗಳ ಪಟ್ಟಿ) ಇದೆ. ಅದರಲ್ಲಿ ಹುಡುಕಲು ಬಳಸುವ ಕೀ ಪ್ಯಾರಾಮೀಟರ್‌ನ ಡೆಫಿನಿಷನ್. ಅದಕ್ಕೆ ಎದುರಾಗಿ ಸಿಗುವುದು ಒಂದು ಬೈಂಡಿಂಗ್ (ಕಟ್ಟು): ಇನ್‌ಸ್ಟನ್ಸ್‌ನದ್ದು (ಮಾಡೆಲ್‌ನಲ್ಲಿಟ್ಟ ಒಂದೊಂದು ಬಾಗಿಲಿಗೆ ಬೇರೆ ಬೇರೆ) ಅಥವಾ ಟೈಪ್‌ನದ್ದು (ಒಂದೇ ಬಗೆಯ ಬಾಗಿಲುಗಳಿಗೆಲ್ಲ ಒಟ್ಟಿಗೆ). ಕೆಟಗರಿಗಳ ಸೆಟ್ ಇರುವುದು ಆ ಬೈಂಡಿಂಗ್‌ನ ಹೊಟ್ಟೆಯಲ್ಲಿ. ಹಾಗಾಗಿ “ಡೋರ್‌ಗೆ ಏನೇನು ಕಟ್ಟಿದೆ” ಅಂತ ತಿಳಿಯಲು ಅಡ್ಡದಾರಿ ಇಲ್ಲ. ಇಡೀ ಮ್ಯಾಪ್ ಸುತ್ತಬೇಕು, ಒಂದೊಂದು ಬೈಂಡಿಂಗ್‌ನ ಸೆಟ್‌ನಲ್ಲೂ ಡೋರ್ಸ್ ಇದೆಯಾ ಅಂತ ನೋಡಬೇಕು. ಇದರ ಬಗ್ಗೆ ಕೆಟಗರಿ ಹೇಳುವುದು ಒಂದೇ ಮಾತು: ‘ಅಲೌಸ್ ಬೌಂಡ್ ಪ್ಯಾರಾಮೀಟರ್ಸ್’. ತನಗೆ ಪ್ರಾಜೆಕ್ಟ್ ಪ್ಯಾರಾಮೀಟರ್ ಕಟ್ಟಬಹುದಾ ಇಲ್ಲವಾ, ಅಷ್ಟೇ. ಯಾವುದು ಕಟ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ.

ಈ ಮ್ಯಾಪ್ ಸುತ್ತಿ ಬಂದವರು ಕೂಡಲೇ ಕೇಳುವ ಪ್ರಶ್ನೆ: “ಮಾರ್ಕ್ ಎಲ್ಲಿ? ಕಾಮೆಂಟ್ಸ್ ಎಲ್ಲಿ?” ಅವು ಬಿಲ್ಟ್-ಇನ್, ಅಂದರೆ ರೆವಿಟ್‌ನಲ್ಲೇ ಮೊದಲಿಂದ ಇರುವ ಪ್ಯಾರಾಮೀಟರ್‌ಗಳು. ಯಾರೂ ಅವನ್ನು ಕಟ್ಟಿಲ್ಲ, ಹಾಗಾಗಿ ಈ ಮ್ಯಾಪ್‌ನಲ್ಲಿ ಬರುವುದಿಲ್ಲ. ಫ್ಯಾಮಿಲಿಯ ಜೊತೆ ಬಂದ ಪ್ಯಾರಾಮೀಟರ್‌ಗಳೂ ಇಲ್ಲಿ ಇರುವುದಿಲ್ಲ.

ಹಾಗಾದರೆ ಕೇಳಬೇಕಾಗಿದ್ದು ಬೇರೆ ಏನೋ. ಫಿಲ್ಟರ್ ಮಾಡಲು ಪಟ್ಟಿ ಬೇಕು ಅಂತಿದ್ದರೆ ‘ಪ್ಯಾರಾಮೀಟರ್ ಫಿಲ್ಟರ್ ಯುಟಿಲಿಟೀಸ್’ನಲ್ಲಿ ‘ಗೆಟ್ ಫಿಲ್ಟರಬಲ್ ಪ್ಯಾರಾಮೀಟರ್ಸ್ ಇನ್ ಕಾಮನ್’ ಇದೆ. ಅದಕ್ಕೆ ಕೆಟಗರಿಗಳ ಐಡಿ ಕೊಟ್ಟರೆ ಪ್ಯಾರಾಮೀಟರ್‌ಗಳ ಐಡಿ ವಾಪಸ್ ಕೊಡುತ್ತದೆ. ಐಡಿ ನೆಗೆಟಿವ್ ಆಗಿದ್ದರೆ ಬಿಲ್ಟ್-ಇನ್, ಪಾಸಿಟಿವ್ ಆಗಿದ್ದರೆ ಈ ಫೈಲ್‌ನಲ್ಲೇ ಇರುವ ಪ್ಯಾರಾಮೀಟರ್ ಎಲಿಮೆಂಟ್. ತುಂಬಾ ಕೆಲಸದ ಮೆಥಡ್ ಇದು. ಮಾಡೆಲ್‌ನಲ್ಲಿ ಒಂದೂ ಬಾಗಿಲು ಇಲ್ಲದಿದ್ದರೂ ಉತ್ತರ ಕೊಡುತ್ತದೆ. ಆದರೆ ಹೆಸರನ್ನು ಪೂರ್ತಿ ಓದಿ. ‘ಫಿಲ್ಟರಬಲ್’ ಅಂತಿದೆ. ಫಿಲ್ಟರ್‌ಗೆ ಬಳಸಲು ಬಾರದ್ದು ಬಿಟ್ಟುಹೋಗುತ್ತದೆ. ‘ಇನ್ ಕಾಮನ್’ ಅಂತಲೂ ಇದೆ. ಡೋರ್ಸ್, ವಾಲ್ಸ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಸಮಾನವಾದದ್ದು ಮಾತ್ರ ಬರುತ್ತದೆ. ಇದನ್ನೇ ‘ಡೋರಿನ ಎಲ್ಲಾ ಪ್ಯಾರಾಮೀಟರ್’ ಅಂತ ಎಕ್ಸೆಲ್‌ಗೆ ಸುರಿದು ಕ್ಲೈಂಟ್‌ಗೆ ಕಳಿಸುವವರಿದ್ದಾರೆ. ದಯವಿಟ್ಟು ಬೇಡ.

ಇನ್ನು ಎಲ್ಲರ ಕೈಯಲ್ಲೂ ಇರುವ ಆ ಹತ್ತು ಸಾಲಿನ ಸ್ಕ್ರಿಪ್ಟ್. ಎಲಿಮೆಂಟ್‌ಗಳನ್ನು ಆರಿಸಿ ತರುವ ‘ಫಿಲ್ಟರ್ಡ್ ಎಲಿಮೆಂಟ್ ಕಲೆಕ್ಟರ್’ಗೆ ಡೋರ್ ಕೆಟಗರಿಯ ಎಪಿಐ ಹೆಸರಾದ ‘ಒಎಸ್‌ಟಿ ಡೋರ್ಸ್’ ಕೊಡುತ್ತದೆ. ಬಂದ ಮೊದಲ ಎಲಿಮೆಂಟ್ ಹಿಡಿದು ಅದರ ಪ್ಯಾರಾಮೀಟರ್‌ಗಳನ್ನು ಓದುತ್ತದೆ. ಅದನ್ನೇ ಕೆಟಗರಿಯ ಪಟ್ಟಿ ಅನ್ನುತ್ತದೆ. ಮೊದಲು ಬರುವುದು ಯಾವುದು? ‘ವೇರ್ ಎಲಿಮೆಂಟ್ ಈಸ್ ನಾಟ್ ಎಲಿಮೆಂಟ್ ಟೈಪ್’ ಹಾಕದೇ ಇದ್ದರೆ ಕಲೆಕ್ಟರ್ ಟೈಪ್‌ಗಳನ್ನೂ ಇನ್‌ಸ್ಟನ್ಸ್‌ಗಳನ್ನೂ ಒಟ್ಟಿಗೆ ತರುತ್ತದೆ. ಮೊದಲು ಸಿಕ್ಕಿದ್ದು ಟೈಪ್ ಆದರೆ ಲೆವೆಲ್, ಸಿಲ್ ಹೈಟ್ ಯಾವುದೂ ಕಾಣುವುದಿಲ್ಲ. ಇನ್‌ಸ್ಟನ್ಸ್ ಆದರೆ ಟೈಪ್‌ನಲ್ಲಿರುವ ವಿಡ್ತ್ ಕಾಣುವುದಿಲ್ಲ. ಸರಿ, ಆ ಸಾಲು ಹಾಕಿದಿರಿ ಅಂದುಕೊಳ್ಳೋಣ. ಸಿಕ್ಕ ಬಾಗಿಲು ಬೀಗದ ಕಂಪನಿಯವರ ಫ್ಯಾಮಿಲಿಯದಾಗಿದ್ದರೆ ಅದರದ್ದೇ ಹಿಡಿಕೆ, ಹಿಂಜ್, ಪ್ಯಾನೆಲ್ ಅಂತ ಮೂವತ್ತು ಪ್ಯಾರಾಮೀಟರ್ ಪಟ್ಟಿಗೆ ಸೇರುತ್ತವೆ. ಪಕ್ಕದ ಬಾಗಿಲಿಗೆ ಅದರಲ್ಲಿ ಒಂದೂ ಇಲ್ಲ. ಒಂದು ಎಲಿಮೆಂಟ್ ನೋಡಿ ಕೆಟಗರಿಯ ಬಗ್ಗೆ ಹೇಳಬಾರದು ಅನ್ನುವುದು ಅದಕ್ಕೇ. ನಿಜವಾಗಿ ಏನೇನಿದೆ ಅಂತ ಬೇಕಾದರೆ ಎಲ್ಲಾ ಇನ್‌ಸ್ಟನ್ಸ್‌ಗಳನ್ನೂ ಅವುಗಳ ಟೈಪ್‌ಗಳನ್ನೂ ಸುತ್ತಿ, ಪ್ರತಿ ಹೆಸರಿನ ಪಕ್ಕ ಎಷ್ಟು ಎಲಿಮೆಂಟ್‌ಗಳಲ್ಲಿ ಸಿಕ್ಕಿತು ಅಂತ ಬರೆಯಿರಿ. ಆ ಸಂಖ್ಯೆ ಇಲ್ಲದ ಪಟ್ಟಿ ಸುಮ್ನೆ ದಾರಿ ತಪ್ಪಿಸುತ್ತದೆ.

ಹೆಸರಿನ ಬಗ್ಗೆ ಹೇಳಲೇಬೇಕು. ‘ಫೈರ್ ರೇಟಿಂಗ್’ ತೆಗೆದುಕೊಳ್ಳಿ. ಡೋರ್‌ಗೆ ಇದು ರೆವಿಟ್‌ನದ್ದೇ ಬಿಲ್ಟ್-ಇನ್ ಟೈಪ್ ಪ್ಯಾರಾಮೀಟರ್. ಒಂದೊಂದು ಬಾಗಿಲಿಗೆ ಬೇರೆ ಬೇರೆ ರೇಟಿಂಗ್ ಬೇಕು ಅಂತ ಆಫೀಸಿನಲ್ಲಿ ಯಾರೋ ಅದೇ ಹೆಸರಿನಲ್ಲಿ ಇನ್‌ಸ್ಟನ್ಸ್ ಶೇರ್ಡ್ ಪ್ಯಾರಾಮೀಟರ್ (ಹಲವು ಪ್ರಾಜೆಕ್ಟ್‌ಗಳಲ್ಲಿ ಹಂಚಿ ಬಳಸುವಂಥದ್ದು) ಮಾಡಿ ಕಟ್ಟುತ್ತಾರೆ. ಈಗ ಬಾಗಿಲನ್ನು ಹಿಡಿದು, ಹೆಸರಿನಿಂದ ಹುಡುಕುವ ‘ಲುಕಪ್ ಪ್ಯಾರಾಮೀಟರ್’ಗೆ ‘ಫೈರ್ ರೇಟಿಂಗ್’ ಕೊಟ್ಟರೆ ಆಫೀಸಿನದ್ದು ಸಿಗುತ್ತದೆ. ಅದರ ಟೈಪ್ ಹಿಡಿದು ಕೊಟ್ಟರೆ ರೆವಿಟ್‌ನದ್ದು. ಒಂದು ಖಾಲಿ, ಇನ್ನೊಂದರಲ್ಲಿ ‘60 ನಿಮಿಷ’. ಶೆಡ್ಯೂಲ್‌ನಲ್ಲಿ (ರೆವಿಟ್‌ನ ಕೋಷ್ಟಕದಲ್ಲಿ) ಒಂದೇ ಹೆಸರಿನ ಎರಡು ಫೀಲ್ಡ್. ಒಂದೇ ಎಲಿಮೆಂಟ್‌ನಲ್ಲಿ ಒಂದೇ ಹೆಸರಿನವು ಎರಡಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದು. ‘ಲುಕಪ್ ಪ್ಯಾರಾಮೀಟರ್’ ಕೊಡುವುದು ಒಂದನ್ನು ಮಾತ್ರ, ಇನ್ನೊಂದು ಇದೆ ಅಂತ ಸೂಚನೆಯನ್ನೂ ಕೊಡುವುದಿಲ್ಲ. ಎಲ್ಲವೂ ಬೇಕಾದರೆ ‘ಗೆಟ್ ಪ್ಯಾರಾಮೀಟರ್ಸ್’ ಇದೆ. ಇಂಥದ್ದೇ ಬೇಕು ಅಂತಿದ್ದರೆ ಶೇರ್ಡ್‌ಗೆ ಅದರ ಜಿಯುಐಡಿ (ಅದೊಂದಕ್ಕೇ ಸೇರಿದ ಗುರುತು ಸಂಖ್ಯೆ), ಬಿಲ್ಟ್-ಇನ್‌ಗೆ ಅದರ ಎನಮ್ (ಎಪಿಐನಲ್ಲಿರುವ ನಿಗದಿತ ಹೆಸರು) ಕೊಡಿ. ಬಾಗಿಲಿನ ಬೆಂಕಿ ತಡೆಯುವ ಸಮಯ ಜೀವಕ್ಕೆ ಸಂಬಂಧಿಸಿದ ಮಾಹಿತಿ. ಅದನ್ನು ಬರೀ ಹೆಸರು ನಂಬಿ ಓದಬಾರದು.

ಹೆಸರು ಭಾಷೆಗೂ ಕಟ್ಟುಬಿದ್ದಿದೆ. ಬೆಂಗಳೂರಿನಲ್ಲಿ ಕೂತು ಜರ್ಮನಿಯ ಕ್ಲೈಂಟ್‌ಗೆ ಮಾಡೆಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಇಲ್ಲಿ ‘ಕಾಮೆಂಟ್ಸ್’ ಅಂತ ಹುಡುಕಿದ ಸ್ಕ್ರಿಪ್ಟ್ ಅವರ ಜರ್ಮನ್ ರೆವಿಟ್‌ನಲ್ಲಿ ಬರಿಗೈಲಿ ಬರುತ್ತದೆ. ಅಲ್ಲಿ ಅದರ ಹೆಸರು ‘ಕೊಮೆಂಟಾರೆ’. ‘ಆಲ್ ಮಾಡೆಲ್ ಇನ್‌ಸ್ಟನ್ಸ್ ಕಾಮೆಂಟ್ಸ್’ ಅನ್ನುವ ಬಿಲ್ಟ್-ಇನ್ ಹೆಸರಾದರೆ ಎಲ್ಲಾ ಕಡೆ ಒಂದೇ. ಕೆಟಗರಿಯ ಹೆಸರಿಗೂ ಇದೇ ಮಾತು. ‘ಡೋರ್ಸ್’ ಅನ್ನುವ ಅಕ್ಷರಗಳನ್ನು ಹೋಲಿಸುತ್ತಾ ಕೂರಬೇಡಿ, ‘ಒಎಸ್‌ಟಿ ಡೋರ್ಸ್’ ಬಳಸಿ. ಒಳಗೆ ಅದು -2000023 ಅನ್ನುವ ಸಂಖ್ಯೆ, ಯಾವ ಭಾಷೆಯ ರೆವಿಟ್‌ನಲ್ಲೂ ಅಷ್ಟೇ. ರೆವಿಟ್ 2024ರಲ್ಲಿ ಐಡಿಗಳು 64 ಬಿಟ್ ಆದವು, ಹಾಗಾಗಿ ಹಳೇ ಸ್ಕ್ರಿಪ್ಟ್‌ನ ‘ಇಂಟಿಜರ್ ವ್ಯಾಲ್ಯೂ’ ಜಾಗಕ್ಕೆ ‘ವ್ಯಾಲ್ಯೂ’ ಹಾಕಿ.

ಕೆಟಗರಿಗಳ ಪಟ್ಟಿ ರೆವಿಟ್ ಮಾಡುವ ಆಟೋಡೆಸ್ಕ್ ಕೊಟ್ಟಷ್ಟೇ. ನಾವು ಸಬ್‌ಕೆಟಗರಿ ಸೇರಿಸಬಹುದು, ಹೊಸ ಕೆಟಗರಿ ಹುಟ್ಟಿಸಲು ಆಗುವುದಿಲ್ಲ. ಅದಕ್ಕೇ ಅದರ ಹೆಸರುಗಳನ್ನು ಊಹಿಸದೆ ನೋಡಿಯೇ ಬರೆಯಬೇಕು. ಸ್ಟ್ರಕ್ಚರಲ್ ಮಾಡೆಲ್‌ನಲ್ಲಿ ‘ಒಎಸ್‌ಟಿ ಕಾಲಮ್ಸ್’ ಹುಡುಕಿ ಸೊನ್ನೆ ಬಂತು ಅಂತ ಕೇಳುವವರು ಜಾಸ್ತಿ. ಅದು ಆರ್ಕಿಟೆಕ್ಚರಲ್ ಕಾಲಮ್. ಭಾರ ಹೊರುವ ಕಂಬಗಳದ್ದು ‘ಒಎಸ್‌ಟಿ ಸ್ಟ್ರಕ್ಚರಲ್ ಕಾಲಮ್ಸ್’. ಡಕ್ಟ್‌ಗಳು ಬೇಕಾದರೆ ‘ಡಕ್ಟ್ ಕರ್ವ್ಸ್’, ಪೈಪ್‌ಗಳಿಗೆ ‘ಪೈಪ್ ಕರ್ವ್ಸ್’. ಬೀಮ್‌ಗಳು ‘ಸ್ಟ್ರಕ್ಚರಲ್ ಫ್ರೇಮಿಂಗ್’ನಲ್ಲಿವೆ.