ಮೇಲಿನ ಮನೆಯ ಬಾಡಿಗೆ, ಕೆಳಗಿನ ಮನೆಯ ಸಾಲ: ಲೆಕ್ಕ ಬದಲಾದ ಕಥೆ

ದಾವಣಗೆರೆಯ ವಿದ್ಯಾನಗರ, ಸರಸ್ವತಿ ನಗರದ ಕಡೆ ಹೋದರೆ ಒಂದೇ ನಮೂನೆಯ ಮನೆಗಳು ಸಾಲಾಗಿ ಕಾಣುತ್ತವೆ. 30-40ರ ಸೈಟು, ಕೆಳಗೆ ಮಾಲೀಕರು, ಹೊರಗಿನಿಂದ ಮೆಟ್ಟಿಲು, ಮೇಲೆ ಒಂದೋ ಎರಡೋ ಪೋರ್ಷನ್. ಗೇಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಬೋರ್ಡು. ಈ ಮಾಲೀಕರಲ್ಲಿ ಹೆಚ್ಚಿನವರು ಮೇಷ್ಟ್ರು, ಬ್ಯಾಂಕ್ ನೌಕರರು, ಸಣ್ಣ ವ್ಯಾಪಾರಿಗಳು. ಇವರ ಲೆಕ್ಕಾಚಾರವನ್ನು ಕಳೆದ ಹತ್ತು ವರ್ಷಗಳ ಬಜೆಟ್‌ಗಳು ತಲೆಕೆಳಗು ಮಾಡಿವೆ. ಎಷ್ಟೋ ಜನರಿಗೆ ಅದು ಇನ್ನೂ ಗೊತ್ತಾಗಿಲ್ಲ.

ಇದು ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಾಲೇಜುಗಳು ಬೆಳೆದವು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ಸರ್ಕಾರಿ ನೌಕರರೂ ಬಂದರು. ಬಾಡಿಗೆ ಮನೆ ಖಾಲಿ ಉಳಿಯಲ್ಲ ಅನ್ನೋ ಧೈರ್ಯ ಬಂತು. ಅದೇ ಹೊತ್ತಿಗೆ ಗೃಹಸಾಲ ಸುಲಭವಾಯಿತು. ‘ಸಾಲ ಮಾಡಿ ಮೇಲೊಂದು ಮನೆ ಕಟ್ಸು, ಟ್ಯಾಕ್ಸೂ ಉಳಿಯುತ್ತೆ’ ಅನ್ನೋ ಮಾತು ಮನೆಮಾತಾಯಿತು.

ಆ ಮಾತಿನಲ್ಲಿ ಆಗ ಸುಳ್ಳಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ರಿಪೇರಿಗೆ ಅಂತ ಬಾಡಿಗೆಯ ಆರನೇ ಒಂದು ಭಾಗ ಬಿಡುತ್ತಿದ್ದರು. ಆಮೇಲೆ ಅದು ಐದನೇ ಒಂದು, ನಾಲ್ಕನೇ ಒಂದು ಭಾಗವಾಗಿ, 2001ರ ಬಜೆಟ್‌ನಲ್ಲಿ ಶೇ 30ಕ್ಕೆ ಬಂದು ನಿಂತಿತು. ಈಗಲೂ ಅಷ್ಟೇ ಇದೆ. ಸುಣ್ಣ ಬಣ್ಣ ಮಾಡಿಸಿದ ಬಿಲ್ ತೋರಿಸಬೇಕಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನಂತೂ ಪೂರ್ತಿ ಕಳೆಯಬಹುದಿತ್ತು. ಬಾಡಿಗೆ ಆದಾಯಕ್ಕಿಂತ ಬಡ್ಡಿಯೇ ಹೆಚ್ಚಾಗಿ ನಷ್ಟ ಎಷ್ಟೇ ಬಂದರೂ ಅದನ್ನು ಸಂಬಳದಿಂದ ಕಳೆದು ತೆರಿಗೆ ಕಡಿಮೆ ಮಾಡಿಕೊಳ್ಳಬಹುದಿತ್ತು.

2017ರ ಬಜೆಟ್ ಅಲ್ಲಿಗೆ ಮೊದಲ ಕತ್ತರಿ ಹಾಕಿತು. ಮನೆಯ ನಷ್ಟವನ್ನು ಬೇರೆ ಆದಾಯದಿಂದ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಕಳೆಯಬಹುದು, ಉಳಿದದ್ದನ್ನು ಮುಂದಿನ 8 ವರ್ಷ ಮನೆಯ ಆದಾಯದಲ್ಲೇ ಹೊಂದಿಸಿಕೊಳ್ಳಬೇಕು ಅಂತಾಯಿತು. ನಮ್ಮಂಥ ಊರಿನ ಸಣ್ಣ ಸಾಲಗಳಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು 2020ರಲ್ಲಿ ಬಂದು, 2023ರಲ್ಲಿ ತಾನಾಗಿಯೇ ಅನ್ವಯವಾಗತೊಡಗಿದ ಹೊಸ ತೆರಿಗೆ ಪದ್ಧತಿಯಿಂದ. ಇದರಲ್ಲಿ ದರ ಕಡಿಮೆ, ವಿನಾಯಿತಿಗಳೂ ಕಡಿಮೆ; ಹಳೆಯದೇ ಬೇಕೆಂದರೆ ಕೇಳಿ ಆರಿಸಿಕೊಳ್ಳಬೇಕು.

ಒಂದು ಲೆಕ್ಕ ನೋಡಿ. ಮೇಲಿನ ಮನೆ ಕಟ್ಟೋಕೆ ಶೇ 8.5 ಬಡ್ಡಿಗೆ 20 ಲಕ್ಷ ಸಾಲ, 20 ವರ್ಷದ ಅವಧಿ ಅಂದುಕೊಳ್ಳೋಣ. ಕಂತು ತಿಂಗಳಿಗೆ ಸುಮಾರು 17,350 ರೂಪಾಯಿ. ಬಾಡಿಗೆ 12,000 ಅಂದರೆ ವರ್ಷಕ್ಕೆ 1,44,000. ಪಾಲಿಕೆಗೆ ಕಟ್ಟಿದ ಕಂದಾಯ 6,000 ಕಳೆದರೆ 1,38,000. ಅದರಲ್ಲಿ ಶೇ 30 ಬಿಟ್ಟರೆ 96,600. ಮೊದಲ ವರ್ಷದ ಬಡ್ಡಿಯೇ ಸುಮಾರು 1,68,000. ಅಂದರೆ 71,400 ರೂಪಾಯಿ ನಷ್ಟ. ಹಳೆ ಪದ್ಧತಿಯಲ್ಲಿ ಇದನ್ನು ಸಂಬಳದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಬಾಡಿಗೆ ಆದಾಯ ಸೊನ್ನೆಯಾಗುವವರೆಗೆ ಮಾತ್ರ ಬಡ್ಡಿಗೆ ಬೆಲೆ. ಮಿಕ್ಕ ನಷ್ಟವನ್ನು ಸಂಬಳದಿಂದ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯೋ ಹಾಗಿಲ್ಲ. ಕೆಳಗೂ ಮೇಲೂ ಸೇರಿಸಿ ಒಂದೇ ಸಾಲ ಮಾಡಿದ್ದರೆ ಇನ್ನೂ ಬಿಗಿ. ನೀವಿರುವ ಭಾಗದ ಬಡ್ಡಿಗೆ ಹೊಸ ಪದ್ಧತಿಯಲ್ಲಿ ಏನೂ ಸಿಗಲ್ಲ.

ಹಾಗಂತ ಎಲ್ಲರೂ ಗಾಬರಿಯಾಗಬೇಕಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಪಿಂಚಣಿ, ಬಾಡಿಗೆ ಎರಡೂ ಸೇರಿ ಅದರೊಳಗೆ ಇದ್ದರೆ ಈ ನಷ್ಟದ ಚಿಂತೆಯೇ ಬೇಡ. ಆದರೆ ಇವತ್ತು ಹೊಸದಾಗಿ ಸಾಲ ಮಾಡೋರು ತೆರಿಗೆ ಉಳಿತಾಯವನ್ನು ಲೆಕ್ಕದಿಂದ ತೆಗೆದೇ ಬಿಡೋದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಕಂತಿಗೂ ಬಾಡಿಗೆಗೂ ಇರುವ ಆ ಐದು ಸಾವಿರ ಚಿಲ್ಲರೆಯನ್ನು ತಿಂಗಳು ತಿಂಗಳು ಕೈಯಿಂದ ಹಾಕೋಕೆ ಆಗುತ್ತಾ? ಬಡ್ಡಿ ಏರಿದರೆ ಇನ್ನೂ ಜಾಸ್ತಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಗೃಹಸಾಲದ ಚರ ಬಡ್ಡಿಯನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಹೋದಾಗ ಸಾಲಗಾರರ ಕಂತು, ಇಲ್ಲವೇ ಅವಧಿ, ಬೆಳೆದದ್ದು ನೆನಪಿದೆಯಲ್ವಾ?

ಇನ್ನು ಭೋಗ್ಯ. ಲಕ್ಷಗಟ್ಟಲೆ ಇಡುಗಂಟು ತಗೊಂಡು ಎರಡು ಮೂರು ವರ್ಷ ಬಾಡಿಗೆಯೇ ಇಲ್ಲದೆ ಮನೆ ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಬಾಡಿಗೆಯೇ ಬಂದಿಲ್ಲ, ತೆರಿಗೆ ಎಲ್ಲಿಂದ ಅಂತ ಜನ ಸುಮ್ನೆ ಇರುತ್ತಾರೆ. ಆದರೆ ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಅನ್ನೋದನ್ನೂ ಕಾನೂನು ನೋಡುತ್ತದೆ. ಬ್ರಿಟಿಷರ ಕಾಲದ 1922ರ ಕಾಯ್ದೆಯಲ್ಲೂ ಇದೇ ಅಳತೆ ಇತ್ತು. ಹಾಗಾಗಿ ಭೋಗ್ಯದ ಮನೆಯೂ ರಿಟರ್ನ್‌ನಲ್ಲಿ ಬರಬೇಕು.

ಪಾಲಿಕೆ ಕಂದಾಯದ್ದು ಸಣ್ಣ ವಿಷಯ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ರಸೀದಿ ಮಾತ್ರ ಜೋಪಾನ. ಆ ವರ್ಷ ನಿಜವಾಗಿ ಕಟ್ಟಿದ ಕಂದಾಯವನ್ನಷ್ಟೇ ಬಾಡಿಗೆಯಿಂದ ಕಳೆಯಲು ಬರುತ್ತದೆ.

ಮಾರುವ ಯೋಚನೆ ಇದ್ದರೆ 2024ರ ಜುಲೈ 23 ನೆನಪಿಡಿ. ಆ ದಿನದಿಂದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ, ಕೊಂಡ ಬೆಲೆಯನ್ನು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸಿಕೊಳ್ಳುವ ಹೊಂದಾಣಿಕೆ ಇಲ್ಲ. ಅದಕ್ಕೂ ಮುಂಚೆ ಕೊಂಡ ಆಸ್ತಿಗೆ ಹೊಂದಾಣಿಕೆ ಮಾಡಿ ಶೇ 20ರ ಲೆಕ್ಕವನ್ನೂ ಹಾಕಿ ನೋಡಬಹುದು, ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ಎಂಬತ್ತರ ದಶಕದಲ್ಲಿ ಅಪ್ಪ ಕೊಂಡ ಸೈಟಾದರೆ, ಆಗ ಕೊಟ್ಟ ದುಡ್ಡಿನ ಬದಲು 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆದರೆ ಆ ದಿನದ ಮುದ್ರಾಂಕ ಮೌಲ್ಯಕ್ಕಿಂತ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಹೆಚ್ಚು ಹಿಡಿಯೋ ಹಾಗಿಲ್ಲ. ಮಾರಾಟದ ಮಾತುಕತೆಗೆ ಕೂರುವ ಮುಂಚೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಅಂದಿನ ದರ ತೆಗೆಸಿ, ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿಟ್ಟುಕೊಳ್ಳಿ.